ಮಲ್ಪೆಯ ಮೀನು ಪೆಟ್ಟಿಗೆ, ಮಿನ್ನೆಸೋಟದ ಟೆಂಟು: ಐಸಿನ ಮೇಲೆ ಬೆಚ್ಚಗೆ ಕೂತ ದಿನಗಳು

ಹೊರಡುವ ಮುನ್ನ, ಮಲ್ಪೆಯಲ್ಲಿ

ಮಲ್ಪೆ ಬಂದರಿನಲ್ಲಿ ಮೀನು ತುಂಬುವ ದೊಡ್ಡ ಇನ್ಸುಲೇಟೆಡ್ ಪೆಟ್ಟಿಗೆಯನ್ನು ಬಗ್ಗಿ ನೋಡಿದರೆ ಅಡಿಯಲ್ಲಿ ಒಂದು ತೂತು, ಅದಕ್ಕೊಂದು ಬಿರಡೆ ಕಾಣುತ್ತದೆ. ಗೋಡೆ ಎಷ್ಟೇ ದಪ್ಪ ಇರಲಿ, ಐಸು ಕರಗಿದ ನೀರು ಒಳಗೇ ನಿಂತರೆ ಬಂಗುಡೆ ಮೆತ್ತಗಾಗಿ ಬೆಲೆ ಕಳೆದುಕೊಳ್ಳುತ್ತದೆ. ಹಾಗಾಗಿ ಪೆಟ್ಟಿಗೆ ಮಾಡುವವರು ಗೋಡೆಗೆ ಕೊಟ್ಟಷ್ಟೇ ಗಮನ ತೂತಿಗೂ ಕೊಡುತ್ತಾರೆ.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಟೆಂಟು ಹಾಕಿ, ಐಸು ಕೊರೆದು ಗಾಳ ಬಿಡುವ ಐಸ್ ಫಿಶಿಂಗಿಗೆ ಹೋಗುವವರು ಈ ತೂತನ್ನು ನೋಡಿಯೇ ಹೋಗಬೇಕು. ಅಲ್ಲಿನ ಟೆಂಟು ಇದೇ ಪೆಟ್ಟಿಗೆಯನ್ನು ಒಳಹೊರಗು ತಿರುವಿದ್ದು: ಐಸು ಹೊರಗೆ, ಬಿಸಿ ಒಳಗೆ, ಬಂಗುಡೆಯ ಜಾಗದಲ್ಲಿ ನಾವು. ಮಂಗಳೂರು, ಉಡುಪಿಯವರಿಗೆ ಚಳಿ ಹೊಸದು, ಆದರೆ ತೇವ ಹುಟ್ಟಿದಂದಿನಿಂದ ಗೊತ್ತು. ಆ ಟೆಂಟಿನಲ್ಲಿ ನಮ್ಮನ್ನು ನಡುಗಿಸುವುದು ಹೆಚ್ಚಾಗಿ ತೇವವೇ.

ಬಟ್ಟೆಬರೆ ಪರೀಕ್ಷೆಗೆ ಮೈನಸ್ ಚಳಿ ಎಲ್ಲಿಂದ ತರುವುದು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೀನಿನ ಕೋಲ್ಡ್ ಸ್ಟೋರೇಜ್ ಉಂಟಲ್ಲ, −18 ಡಿಗ್ರಿಯದ್ದು. ಪರಿಚಯದವರನ್ನು ಕೇಳಿ, ಹೊರಗಡೆ ಒಬ್ಬರನ್ನು ನಿಲ್ಲಿಸಿ, ಪೂರ್ತಿ ಉಡುಪಿನಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ಕೂರಬೇಕು. ನಡೆದಾಡಿದರೆ ಪರೀಕ್ಷೆ ಆಗುವುದಿಲ್ಲ. ಗಾಳ ಹಾಕಿ ಕೂತವನು ನಡೆಯುವುದಿಲ್ಲ. ಎರಡು ಸಂಗತಿ ಅಲ್ಲೇ ಗೊತ್ತಾಗುತ್ತದೆ. ಮೂರು ಜೊತೆ ಕಾಲುಚೀಲ ತುರುಕಿದ ಕಾಲು, ಒಂದೇ ಜೊತೆ ಉಣ್ಣೆಯ ಚೀಲ ಹಾಕಿದ ಕಾಲಿಗಿಂತ ಮೊದಲು ಮರಗಟ್ಟುತ್ತದೆ. ಬೆರಳು ಅಲ್ಲಾಡಲು ಜಾಗವಿಲ್ಲದ ಬೂಟಿನಲ್ಲಿ ರಕ್ತ ಓಡುವುದಿಲ್ಲ, ಬಿಸಿ ಹಿಡಿಯುವ ಗಾಳಿಯೂ ಉಳಿಯುವುದಿಲ್ಲ. ಎರಡನೆಯದು ಹತ್ತಿ ಬನಿಯನ್. ಪಾರ್ಕಿಂಗಿನ ಸೆಕೆಯಲ್ಲಿ ಜಾಕೆಟ್ ಹಾಕಿಕೊಳ್ಳುವಾಗಲೇ ಅದು ಬೆವರು ಕುಡಿದಿರುತ್ತದೆ, ಒಳಗೆ ಹೋದ ಹತ್ತೇ ನಿಮಿಷಕ್ಕೆ ಬೆನ್ನಿಗೆ ಒದ್ದೆ ಬೈರಾಸು ಹೊದ್ದಂತೆ. ಮೈಗೆ ತಾಗುವ ಪದರ ಉಣ್ಣೆಯದ್ದೋ ಪಾಲಿಯೆಸ್ಟರಿನದ್ದೋ ಇರಲಿ.

ಟೆಂಟು, ಹೀಟರ್, ಐಸ್ ಕೊರೆಯುವ ಬೈರಿಗೆ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಗ್ಯಾಸ್ ಬಾಟಲಿ ವಿಮಾನಕ್ಕೆ ಹತ್ತುವುದೇ ಇಲ್ಲ. ಇಲ್ಲಿಂದ ಒಯ್ಯಬೇಕಾದ್ದು ಒಳಪದರದ ಬಟ್ಟೆ, ಸ್ಟೀಲಿನ ಫ್ಲಾಸ್ಕು, ಎರಡು ಹಳೆ ಬೈರಾಸು (ಟೆಂಟಿನ ಗೋಡೆ ಒರೆಸಲು) ಮತ್ತು ಕೋರಿರೊಟ್ಟಿ. ಒಣಗಿದ ರೊಟ್ಟಿ ಚಳಿಗೆ ಕಲ್ಲಾಗುವುದಿಲ್ಲ. ಬ್ರೆಡ್ಡು, ಚಪಾತಿ ಎರಡೂ ಕಲ್ಲಾಗುತ್ತವೆ.

ಒಂದನೇ ದಿನ: ಬಜ್ಪೆಯಿಂದ ಮಿನಿಯಾಪೊಲಿಸ್

ಬಜ್ಪೆ, ಮುಂಬೈ, ಯುರೋಪಿನಲ್ಲಿ ಒಂದು ನಿಲುಗಡೆ, ಕೊನೆಗೆ ಬಾವನ ಊರು ಮಿನಿಯಾಪೊಲಿಸ್. ಜನವರಿಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ವಿಮಾನ ನಿಲ್ದಾಣದ ಬಾಗಿಲು ದಾಟಿ ಮೊದಲ ಉಸಿರು ಎಳೆದಾಗ ಮೂಗಿನೊಳಗಿನ ಕೂದಲು ಹೆಪ್ಪುಗಟ್ಟಿ ಒಂದಕ್ಕೊಂದು ಅಂಟುತ್ತದೆ. ನಿದ್ದೆಗೆಟ್ಟ ಮೈಗೆ ಚಳಿ ಹೆಚ್ಚು. ಆ ರಾತ್ರಿ ಮಲಗುವುದು ಬಿಟ್ಟು ಬೇರೆ ಯೋಜನೆ ಬೇಡ.

ಎರಡನೇ ದಿನ: ಬೌಡೆಟ್‌ಗೆ ದಾರಿ, ಮತ್ತು ಸಾಮಾನು

ಬೆಮಿಡ್ಜಿ ದಾಟಿ ಕೆನಡಾ ಗಡಿಯ ಬೌಡೆಟ್ ಊರಿಗೆ ಕಾರಿನಲ್ಲಿ ಸುಮಾರು ಐದು ಗಂಟೆ. ಅಲ್ಲಿಂದ ಉತ್ತರಕ್ಕೆ ಲೇಕ್ ಆಫ್ ದಿ ವುಡ್ಸ್. ಸರೋವರ ಎಂಬ ಹೆಸರಷ್ಟೇ. ದಂಡೆಯಲ್ಲಿ ನಿಂತರೆ ಆಚೆ ದಡ ಕಾಣದು, ಪಡುಬಿದ್ರಿಯ ಕಡಲು ಬಿಳಿಯಾಗಿ ನಿಂತಂತೆ. ದಂಡೆಯ ರೆಸಾರ್ಟಿನವರು ಐಸಿನ ಮೇಲೆ ಹಿಮ ಗುಡಿಸಿ ರಸ್ತೆ ಮಾಡಿ ಶುಲ್ಕ ತೆಗೆದುಕೊಳ್ಳುತ್ತಾರೆ. ಹೊಸಬರು ಆ ದುಡ್ಡು ಉಳಿಸಲು ಹೋಗಬಾರದು, ದಿನವೂ ದಪ್ಪ ಅಳೆಯುವವರು ಅವರೇ. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆಯಂತೆ ನಡೆಯಲು ಕನಿಷ್ಠ 4 ಇಂಚು ಗಟ್ಟಿ, ತಿಳಿ ಐಸು ಬೇಕು. ಹಾಲಿನಂತೆ ಬೆಳ್ಳಗಿದ್ದರೆ ಅದರ ಎರಡರಷ್ಟು.

ಮೀನು ಹಿಡಿಯುವ ಪರವಾನಗಿ ಹೊರಗಿನವರಿಗೆ ಒಂದು ದಿನ, ಮೂರು ದಿನ, ಏಳು ದಿನದ್ದು ಸಿಗುತ್ತದೆ. ಐಸಿನ ಮೇಲೆ ಒಬ್ಬರಿಗೆ ಎರಡು ಗಾಳ.

ಟೆಂಟು ಆರಿಸುವಾಗ ಎರಡು ಜಾತಿ ಎದುರಾಗುತ್ತವೆ. ಒಂದು ಜಾರುಬಂಡಿಗೇ ಜೋಡಿಸಿ ಹಿಂದಿನಿಂದ ಮಗುಚಿ ಹಾಕುವಂಥದ್ದು. ಜಾಗ ಬದಲಿಸುತ್ತ ಇರುವವರಿಗೆ ಅದು ಸರಿ. ಇನ್ನೊಂದು ಹಬ್ ಟೆಂಟು: ಪ್ರತಿ ಗೋಡೆಯ ನಡುವೆ ಒಂದು ಗಂಟು, ಅದರಿಂದ ಮೂಲೆಗಳಿಗೆ ಫೈಬರ್‌ಗ್ಲಾಸ್ ಕಡ್ಡಿ, ಕೊಡೆಯಂತೆ ಹೊರಕ್ಕೆ ಎಳೆದರೆ ಟಪ್ಪೆಂದು ಬಿಚ್ಚಿಕೊಳ್ಳುತ್ತದೆ. ಮೂವರು ದಿನವಿಡೀ ಒಂದೇ ಕಡೆ ಕೂರುವುದಾದರೆ ಹಬ್ ಟೆಂಟೇ ವಾಸಿ. ಎರಡು ಬಟ್ಟೆಯ ನಡುವೆ ನಾರಿನ ಹತ್ತಿಯಂಥ ಪದರ ಇಟ್ಟು ಹೊಲಿದ, ಅಂದರೆ ನಮ್ಮ ಕೌದಿಯ ಹಾಗಿನ, ಇನ್ಸುಲೇಟೆಡ್ ಟೆಂಟನ್ನೇ ಕೇಳಬೇಕು. ಬಿಸಿ ಉಳಿಯುವುದು ಅದರ ಅರ್ಧ ಲಾಭ ಮಾತ್ರ. ಫ್ರಿಜ್ಜಿನಿಂದ ತೆಗೆದ ಬಾಟಲಿ ಹೊರಮೈಯಲ್ಲಿ ಬೆವರುವುದು ಅದರ ಮೈ ತಂಪಾಗಿರುವುದರಿಂದ. ಒಂಟಿ ಬಟ್ಟೆಯ ಟೆಂಟಿನ ಗೋಡೆಯೂ ಹಾಗೆಯೇ ಒಳಗಡೆ ಬೆವರುತ್ತದೆ. ಕೌದಿ ಗೋಡೆಯ ಒಳಮೈ ಅಷ್ಟು ತಣ್ಣಗಾಗದ ಕಾರಣ ನೀರು ಕೂರುವುದು ಕಡಿಮೆ.

ಹೀಟರಿನ ವಿಷಯಕ್ಕೆ ಬಂದರೆ, ಅಲ್ಲಿ ಹೆಚ್ಚಿನವರ ಕೈಯಲ್ಲಿ ಕಾಣುವುದು ಮಿಸ್ಟರ್ ಹೀಟರ್ ಕಂಪನಿಯ ‘ಬಡ್ಡಿ’. ಗಂಟೆಗೆ 4,000 ಅಥವಾ 9,000 ಬಿಟಿಯು (ಶಾಖದ ಒಂದು ಅಳತೆ). ನಮಗೆ ಅರ್ಥವಾಗುವ ಲೆಕ್ಕದಲ್ಲಿ, 1 ಟನ್ ಎಸಿ ಎಂದರೆ ಗಂಟೆಗೆ 12,000 ಬಿಟಿಯು. ಈ ಹೀಟರ್ ಪೂರ್ತಿ ಉರಿದರೆ ಮುಕ್ಕಾಲು ಟನ್ ಎಸಿಯನ್ನು ತಿರುಗಿಸಿಟ್ಟಂತೆ. ಹೆಸರೂ ಸರಿಯಾಗಿಯೇ ಇದೆ, ಕೊಟ್ಟ ಶಾಖಕ್ಕೆ ಅದು ನೀರಿನ ರೂಪದಲ್ಲಿ ಬಡ್ಡಿ ವಸೂಲು ಮಾಡುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಹುಟ್ಟುತ್ತದೆ. ಎಂಟು ಗಂಟೆ 9,000ದಲ್ಲಿ ಉರಿಸಿದರೆ ಎರಡೂವರೆ ಲೀಟರಿನ ಹತ್ತಿರ ನೀರು ಟೆಂಟಿನೊಳಗೆ ಬಂತು ಎಂದು ಲೆಕ್ಕ. ಮೂವರ ಉಸಿರು ಬೇರೆ.

ಒಂದು ಪೌಂಡಿನ ಸಣ್ಣ ಬಾಟಲಿ ಕಡಿಮೆ ಉರಿಯಲ್ಲಿ ಸುಮಾರು ಐದೂವರೆ ಗಂಟೆ, ಹೆಚ್ಚು ಉರಿಯಲ್ಲಿ ಎರಡೂವರೆಗಿಂತ ತುಸು ಕಡಿಮೆ ಬರುತ್ತದೆ. 20 ಪೌಂಡಿನ, ಅಂದರೆ 9 ಕಿಲೋ ಸಿಲಿಂಡರ್ ತೆಗೆದುಕೊಂಡರೆ ಹೆಚ್ಚು ಉರಿಯಲ್ಲೂ 48 ಗಂಟೆ. ಆದರೆ ಅದಕ್ಕೆ ಹಾಕುವ ಪೈಪಿಗೆ ಫಿಲ್ಟರ್ ಬೇಕು. ಕೆಲವು ರಬ್ಬರ್ ಪೈಪಿನೊಳಗಿನ ಎಣ್ಣೆಯಂಶ ಗ್ಯಾಸಿನ ಜೊತೆ ಬಂದು ಹೀಟರಿನ ಸಣ್ಣ ಕಂಡಿ ಕಟ್ಟುತ್ತದೆ. ಆಮೇಲೆ ಉರಿ ಹಳದಿಯಾಗಿ, ಮಂಕಾಗಿ, ನಡುಮಧ್ಯಾಹ್ನ ಕೈಕೊಡುತ್ತದೆ.

ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಇಲ್ಲದೆ ಐಸಿಗೆ ಕಾಲಿಡಬಾರದು. ಗ್ಯಾಸ್ ಗೀಸರ್ ಇರುವ ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಜನ ಸತ್ತ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಟೆಂಟಿನಲ್ಲೂ ಅದೇ ಅನಿಲ, ಅದೇ ವಾಸನೆಯಿಲ್ಲದ ಸಾವು. ಹೀಟರಿನಲ್ಲಿ ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ವ್ಯವಸ್ಥೆ ಇದ್ದರೂ ಅಲಾರಾಂ ಬೇರೆಯೇ ಬೇಕು. ಚಳಿಗೆ ಸಾಮಾನ್ಯ ಬ್ಯಾಟರಿ ಸೊರಗುವುದರಿಂದ ಲಿಥಿಯಂ ಸೆಲ್ ಹಾಕಿ, ಕೂತಾಗ ಎದೆಯ ಮಟ್ಟಕ್ಕೆ ನೇತುಹಾಕಬೇಕು.

ಉಳಿದದ್ದು: ಒಂದಕ್ಕೊಂದು ಸಿಕ್ಕಿಸುವ ಫೋಮ್ ಚಾಪೆ (ಮಕ್ಕಳ ಆಟದ ಕೋಣೆಯಲ್ಲಿ ಹಾಸುವಂಥದ್ದು), ಬ್ಯಾಟರಿಯ ಪುಟ್ಟ ಫ್ಯಾನು, ಒಂದು ಮರದ ಹಲಗೆ, ಸಲಿಕೆ, ಬೂಟಿಗೆ ಕಟ್ಟುವ ಮುಳ್ಳು, ಕೊರಳಿಗೆ ಹಾಕುವ ಐಸ್ ಮೊಳೆಗಳ ಜೋಡಿ (ಐಸು ಒಡೆದು ಬಿದ್ದರೆ ಚುಚ್ಚಿ ಮೇಲೇರಲು), ಒಂದು ಹಗ್ಗ.

“ಫ್ಯಾನ್ ಯಾಕೆ ಬಾವ? ಮಂಗಳೂರು ಬಿಟ್ಟು ಬಂದದ್ದೇ ಫ್ಯಾನ್ ಬೇಡ ಅಂತ.”

“ನಾಡಿದ್ದು ಗೊತ್ತಾಗ್ತದೆ ಮಾರಾಯ, ಈಗ ಕಾರಿಗೆ ಹಾಕು.”

ಮೂರನೇ ದಿನ: ಐಸಿನ ಮೇಲೆ

ಬೆಳಗ್ಗೆ ಎಂಟಕ್ಕೆ ಸೂರ್ಯ, −24 ಡಿಗ್ರಿ. ಐಸು ಎರಡಡಿಗೂ ಮೇಲಿತ್ತು. ನೀರಿನ ಆಳ ನಾಲ್ಕು ಮಾರು.

ಮೊದಲು ಗಾಳಿ ಯಾವ ಕಡೆಯಿಂದ ಎಂದು ನೋಡಬೇಕು. ಬಾಗಿಲು ಗಾಳಿಗೆ ಬೆನ್ನು ಮಾಡಿರಬೇಕು. ಟೆಂಟು ಕೂರುವ ಜಾಗದ ಹಿಮವನ್ನು ಐಸು ಕಾಣುವ ತನಕ ಸಲಿಕೆಯಿಂದ ಎಳೆದು ಸುತ್ತ ರಾಶಿ ಹಾಕಬೇಕು. ಹಿಮ ಇದ್ದರೆ ಮೆತ್ತಗಿರುತ್ತದೆ ಎಂದು ಬಿಟ್ಟವರ ಟೆಂಟಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಗದ್ದೆ ಸಿದ್ಧವಾಗಿರುತ್ತದೆ.

ಟೆಂಟನ್ನು ಚೀಲದಿಂದ ತೆಗೆದೊಡನೆ ಗಾಳಿ ಬರುವ ಬದಿಯ ಮೂಲೆಯನ್ನು ಐಸಿಗೆ ಸ್ಕ್ರೂ ಲಂಗರಿನಿಂದ ಬಿಗಿಯಬೇಕು, ಗೋಡೆ ಎಬ್ಬಿಸುವುದು ಆಮೇಲೆ. ಕ್ರಮ ತಪ್ಪಿದರೆ ಬಿಚ್ಚಿದ ಟೆಂಟು ಪಟದಂತೆ ಹಾರಿ ಸರೋವರದಲ್ಲಿ ಉರುಳುತ್ತ ಹೋಗುತ್ತದೆ, ಅದರ ಹಿಂದೆ ಓಡಿದವನು ಬೆವರಿ ಆ ದಿನಕ್ಕೆ ಕೆಟ್ಟ. ಕಡ್ಡಿ ಚಳಿಗೆ ಗಡುಸಾಗಿರುತ್ತದೆ. ಗಂಟಿನ ಪಟ್ಟಿ ಹಿಡಿದು ನಿಧಾನವಾಗಿ ಎಳೆಯಬೇಕು, ಜರ್ರನೆ ಎಳೆದರೆ ಸೀಳುತ್ತದೆ. ಒಂದು ಗೇಣು ಉದ್ದದ ಅಲ್ಯುಮಿನಿಯಂ ಕೊಳವೆ, ಸ್ವಲ್ಪ ಗಟ್ಟಿ ಟೇಪು ಇದ್ದರೆ ಸೀಳಿದ ಕಡ್ಡಿಗೆ ಅಲ್ಲೇ ಪಟ್ಟು ಕಟ್ಟಬಹುದು. ನಾಲ್ಕು ಮೂಲೆಯಾದ ಮೇಲೆ ಗೋಡೆಗಳ ನಡುವಿನ ಗಂಟಿನಿಂದಲೂ ಹಗ್ಗ ಎಳೆದು ಲಂಗರು ಹಾಕುವುದನ್ನು ಬಿಡಬಾರದು. ಗಾಳಿಗೆ ಒಳಕ್ಕೆ ಮಗುಚುವುದು ಆ ನಡುಭಾಗವೇ.

ಟೆಂಟಿನ ಸೆರಗು, ಅಂದರೆ ಕೆಳಗೆ ಹೊರಕ್ಕೆ ಹರಡುವ ಬಟ್ಟೆಯ ಮೇಲೆ ಒಣ ಹಿಮ ಸುರಿದು ಮೆಟ್ಟಬೇಕು. ಬೈರಿಗೆಯಿಂದ ಬಂದ ಒದ್ದೆ ಐಸನ್ನು ಅಲ್ಲಿ ಹಾಕಿದರೆ ಕೆಲಸ ಬೇಗ ಆಗುತ್ತದೆ, ಗಾಳಿಯೂ ಚೆನ್ನಾಗಿ ನಿಲ್ಲುತ್ತದೆ, ಆದರೆ ಸಂಜೆಗೆ ಸೆರಗು ಸಿಮೆಂಟಿನಲ್ಲಿ ಹೂತಂತೆ ಹಿಡಿದುಕೊಂಡಿರುತ್ತದೆ.

ಒಬ್ಬರಿಗೆ ಎರಡು ಗಾಳದ ಲೆಕ್ಕದಲ್ಲಿ ಮೂವರಿಗೆ ಆರು ತೂತು ಕೊರೆಯಬಹುದು. ಎಂಟು ಇಂಚಿನ ಮೂರು ತೂತು ಸಾಕು. −24ರ ನಡುವೆ ತೂತಿನ ನೀರು ಸೊನ್ನೆ ಡಿಗ್ರಿ, ಅಂದರೆ ಅಲ್ಲಿನ ಲೆಕ್ಕಕ್ಕೆ ಬಿಸಿನೀರು. ಅದರಿಂದ ಆವಿ ಏಳುತ್ತಲೇ ಇರುತ್ತದೆ. ತೂತು ಹೆಚ್ಚಾದಷ್ಟೂ ಗೋಡೆಯ ಮೇಲೆ ನೀರು ಹೆಚ್ಚು.

ಇಷ್ಟು ಸರಿಯಾಗಿ ಮಾಡಿಯೂ ಮೊದಲ ದಿನ ಎಲ್ಲರೂ ಎಡವುವುದು ಒಂದೇ ಕಡೆ. ಹೀಟರ್ ಹಚ್ಚಿ, ಚಾವಣಿಯ ಹತ್ತಿರದ ಗಾಳಿಕಿಂಡಿಯಿಂದ ಚಳಿ ಬರುತ್ತದೆ ಎಂದು ಅದನ್ನು ಮುಚ್ಚುವುದು. ಅರ್ಧ ಗಂಟೆ ಸ್ವರ್ಗ. ಜಾಕೆಟ್ ಕಳಚಿ ಕೂರುವಷ್ಟು ಬಿಸಿ. ಗಂಟೆಯೊಳಗೆ ಪ್ಲಾಸ್ಟಿಕ್ ಕಿಟಕಿಯ ಮೇಲೆ ಹನಿ ಮೂಡಿ, ಒಂದನ್ನೊಂದು ಕೂಡಿ, ಗೆರೆಯಾಗಿ ಇಳಿದು ಕೆಳ ಅಂಚಿನಲ್ಲಿ ಹೆಪ್ಪುಗಟ್ಟುತ್ತದೆ. ಆಮೇಲೆ ಚಾವಣಿಯ ಹೊಲಿಗೆಯಿಂದ ಕುತ್ತಿಗೆಗೆ ಒಂದೊಂದೇ ಹನಿ, ಆಟಿ ತಿಂಗಳಿನ ಹಂಚಿನ ಮನೆಯ ಹಾಗೆ. ಕಾಲಿನ ಕೆಳಗೆ ಬರೀ ಐಸು. ತಲೆಯ ಹತ್ತಿರ ಥರ್ಮಾಮೀಟರ್ 22 ತೋರಿಸುವಾಗ ಪಾದದ ಹತ್ತಿರ 1. ಹೀಟರನ್ನು ಐಸಿನ ಮೇಲೇ ಇಟ್ಟಿದ್ದರೆ ಅಡಿ ಕರಗಿ ಓರೆಯಾಗುತ್ತದೆ, ಓರೆಯಾದರೆ ಆರುವ ಸ್ವಿಚ್ಚು ಅದರಲ್ಲಿ ಇರುವುದರಿಂದ ಪಕ್ಕನೆ ಆರಿ ಕೂರುತ್ತದೆ. ಸಂಜೆ ಹೊರಬಂದಾಗ ಒದ್ದೆಯಾದ ಜಾಕೆಟ್ಟಿನ ತೋಳು ಹತ್ತು ಹೆಜ್ಜೆಯಲ್ಲಿ ತಗಡಾಗುತ್ತದೆ.

ರಾತ್ರಿ ಕ್ಯಾಬಿನ್ನಿನಲ್ಲಿ ಬೂಟಿನ ಒಳಪದರ ಹೊರತೆಗೆದು ಒಣಗಿಸುವುದು ಊಟಕ್ಕಿಂತ ಮೊದಲಿನ ಕೆಲಸ. ಟೆಂಟಿನಲ್ಲಿ ಹೀಟರ್ ಉರಿಸಿಕೊಂಡು ಮಲಗುವ ಯೋಚನೆ ಯಾರಿಗೂ ಬರಬಾರದು.

ನಾಲ್ಕನೇ ದಿನ: ಕಿಂಡಿ, ಚಾಪೆ, ಫ್ಯಾನು

−31. ಸಣ್ಣ ಗ್ಯಾಸ್ ಬಾಟಲಿ ರಾತ್ರಿ ಕಾರಿನಲ್ಲೇ ಉಳಿದರೆ ಬೆಳಗ್ಗೆ ಉರಿ ಎಬ್ಬಿಸುವುದೇ ಕಷ್ಟ. ಪ್ರೊಪೇನ್ −42ರ ತನಕ ಆವಿಯಾಗುತ್ತದೆ, ಆದರೆ −31ಕ್ಕೆ ಒತ್ತಡ ತೀರಾ ಇಳಿದಿರುತ್ತದೆ. ಅರ್ಧ ಖಾಲಿಯಾದ ಬಾಟಲಿ ಮೊದಲು ಸೋಲುತ್ತದೆ, ಗ್ಯಾಸ್ ಹೊರಟ ಹಾಗೆ ಉಳಿದ ದ್ರವ ತನ್ನನ್ನು ತಾನೇ ತಣಿಸಿಕೊಳ್ಳುತ್ತದೆ. ಹೋಟೆಲಿನ ಸಿಲಿಂಡರ್ ಮಧ್ಯಾಹ್ನದ ಭರಾಟೆಯಲ್ಲಿ ಹೊರಗಡೆ ಬೆವರಿ ಮಂಜು ಹಿಡಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ನಮ್ಮ ಮನೆಯ ಅಡುಗೆ ಗ್ಯಾಸಾಗಿದ್ದರೆ ಕಥೆ ಇನ್ನೂ ಬೇಗ ಮುಗಿಯುತ್ತಿತ್ತು; ಅದರಲ್ಲಿ ಬ್ಯುಟೇನ್ ಸೇರಿರುತ್ತದೆ, ಬ್ಯುಟೇನ್ −0.5 ಡಿಗ್ರಿಗೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಉಪಾಯ ಇಷ್ಟೇ: ತುಂಬಿದ ದೊಡ್ಡ ಸಿಲಿಂಡರನ್ನು ನೆಟ್ಟಗೆ ಟೆಂಟಿನ ಹೊರಗೆ ನಿಲ್ಲಿಸಿ ಪೈಪು ಒಳಗೆ ತರುವುದು. ಬಾಟಲಿಗೆ ಬೆಂಕಿ ತೋರಿಸುವವರೂ ಇದ್ದಾರೆ, ಅವರಿಂದ ದೂರ ಕೂರುವುದು ಲೇಸು.

ಈ ದಿನ ಮೊದಲ ಕೆಲಸ ನೆಲ. ಫೋಮ್ ಚಾಪೆಯನ್ನು ಗೋಡೆಯಿಂದ ಗೋಡೆಗೆ ಹಾಸಿ, ಗಾಳದ ತೂತಿನ ಜಾಗದಲ್ಲಿ ಹತ್ತು ಇಂಚು ಅಗಲಕ್ಕೆ ದುಂಡಗೆ ಕತ್ತರಿಸಬೇಕು. ಕತ್ತರಿಸಿದ ಬಿಲ್ಲೆಯನ್ನು ಎಸೆಯಬಾರದು, ಖಾಲಿ ಇರುವ ತೂತಿಗೆ ಅದೇ ಮುಚ್ಚಳ. ಆವಿಯೂ ನಿಲ್ಲುತ್ತದೆ, ಬೂಟಿನ ಕಾಲು ಒಳಗೆ ಇಳಿಯುವುದೂ ತಪ್ಪುತ್ತದೆ. ಹೀಟರನ್ನು ಫೋಮಿನ ಮೇಲೆ ಇಡಬಾರದು. ಅದಕ್ಕೆ ಮಾತ್ರ ಐಸಿನ ಮೇಲೆ ಮರದ ಹಲಗೆ, ಗೋಡೆಯಿಂದ ಎರಡಡಿಯಾದರೂ ದೂರ, ಮುಖ ಜನರ ಕಡೆ, ಬಾಗಿಲಿಗೆ ಅಡ್ಡ ಬಾರದ ಹಾಗೆ.

ಎರಡನೆಯದು ಕಿಂಡಿ. ಮೇಲೆ ಒಂದು, ಕೆಳಗೆ ಒಂದು, ಎರಡೂ ದಿನವಿಡೀ ತೆರೆದಿರಬೇಕು. ಹೀಟರಿನ ಸೂಚನಾ ಪುಸ್ತಕ ಕೇಳುವುದು ಕನಿಷ್ಠ 3 ಇಂಚಿಗೆ 3 ಇಂಚು. ನಾವು ಮೇಲಿನದನ್ನು ಅಂಗೈಯಷ್ಟು ಬಿಟ್ಟು, ಕೆಳಗೆ ಬಾಗಿಲಿನ ಜಿಪ್ಪನ್ನು ಒಂದು ಗೇಣು ತೆರೆದಿಟ್ಟೆವು. ಬಿಸಿ, ತೇವದ ಗಾಳಿ ಮೇಲಿನಿಂದ ಹೊರಟು, ಒಣ ಚಳಿಗಾಳಿ ಕೆಳಗಿನಿಂದ ಬರುತ್ತದೆ. −31ರ ಗಾಳಿಯಲ್ಲಿ ತೇವ ಇಲ್ಲವೆನ್ನುವಷ್ಟು ಕಡಿಮೆ, ಒಳಗೆ ಬಿಸಿಯಾದಾಗ ಅದು ಸಿಕ್ಕಿದ ನೀರನ್ನೆಲ್ಲ ಹೀರಿಕೊಂಡು ಮೇಲಿನ ಕಿಂಡಿಯಿಂದ ಹೋಗುತ್ತದೆ. ಪೆಟ್ಟಿಗೆಯ ಬಿರಡೆ ತೆಗೆದ ಹಾಗೆ. ಕೆಳಗಿನ ಗಾಳಿ ಹೀಟರಿನ ಹಿಂದಿನಿಂದ ಬರುವಂತೆ ಕೂತರೆ ಕಾಲಿಗೆ ಹೊಡೆಯುವುದೂ ಇಲ್ಲ.

ಮೂರನೆಯದೇ ಫ್ಯಾನು. ಚಾವಣಿಯ ಗಂಟಿಗೆ ತೂಗುಹಾಕಿ ಮುಖ ಕೆಳಗೆ ಮಾಡಿ, ಅತಿ ಕಡಿಮೆ ವೇಗದಲ್ಲಿ ಬಿಡಬೇಕು. ತಲೆಯ ಮೇಲೆ ಸುಮ್ಮನೆ ನಿಂತಿದ್ದ ಬಿಸಿ ನೆಲಕ್ಕೆ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ತಲೆಯ ಹತ್ತಿರ 16, ಪಾದದ ಹತ್ತಿರ 9. ಹೀಟರನ್ನು 9,000ದಿಂದ 4,000ಕ್ಕೆ ಇಳಿಸಿದೆವು, ಗ್ಯಾಸ್ ಖರ್ಚೂ ಅದು ಕಕ್ಕುವ ನೀರೂ ಅರ್ಧಕ್ಕಿಂತ ಕೆಳಗೆ ಬಂತು. ಚಳಿ ಓಡಿಸಲು ಫ್ಯಾನ್ ಹಾಕಿದೆವೆಂದು ಊರಿಗೆ ಫೋನಿನಲ್ಲಿ ಹೇಳಿದರೆ ನಂಬಿದವರು ಯಾರೂ ಇಲ್ಲ.

ಗಂಜಿ ಬೇಯಿಸುವುದು ಹೊರಗೆ. ಒಳಗೆ ಒಂದು ಪಾತ್ರೆ ನೀರು ಕುದಿಸಿದರೆ ಬೆಳಗಿನಿಂದ ಮಾಡಿದ ಒಣಗಿಸುವಿಕೆ ಹೊಳೆಗೆ ಹುಣಸೆಹಣ್ಣು ತೊಳೆದಂತೆ. ಫ್ಲಾಸ್ಕಿಗೆ ಮೊದಲು ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಸಾರು ತುಂಬಿದರೆ ಸಂಜೆಯ ತನಕ ಬಿಸಿ. ಕೋರಿರೊಟ್ಟಿಯನ್ನು ಅದಕ್ಕೇ ಮುರಿದು ಹಾಕುವುದು.

ಸೂರ್ಯ ಇಳಿಯುವ ಮುನ್ನಿನ ಮುಕ್ಕಾಲು ಗಂಟೆ ಅಲ್ಲಿನ ವಾಲೈ (walleye) ಎಂಬ ಸಿಹಿನೀರಿನ ಮೀನಿನ ಹೊತ್ತು. ಸರೋವರದ ತಳದಿಂದ ಒಂದಡಿ ಮೇಲೆ ಜಿಗ್ (ಭಾರದ ಗುಂಡು ಕೂಡಿಸಿದ ಗಾಳ), ಅದಕ್ಕೆ ಹೆಪ್ಪುಗಟ್ಟಿಸಿದ ಶೈನರ್ ಎಂಬ ಪುಟ್ಟ ಮೀನು. ಇಲ್ಲಿ 19.5ರಿಂದ 28 ಇಂಚಿನ ನಡುವಿನ ವಾಲೈಯನ್ನು ಬಿಡಬೇಕು. ಬಿಡುವ ಮೀನನ್ನು ಟೆಂಟಿನ ಹೊರಗೆ ಒಯ್ದು ಫೋಟೊ ತೆಗೆಯುವುದು ಬೇಡ, ಆ ಚಳಿಗೆ ಕಣ್ಣು, ಕಿವಿರು ಹೆಪ್ಪುಗಟ್ಟುತ್ತವೆ. ಇಟ್ಟುಕೊಂಡವು ಹೊರಗಿನ ಐಸಿನ ಮೇಲೆ ತಾವಾಗಿಯೇ ಕಲ್ಲಾದವು, ಮಲ್ಪೆಯಲ್ಲಿ ಇದಕ್ಕೆ ಐಸ್ ಪ್ಲಾಂಟಿಗೆ ದುಡ್ಡು ಕೊಡಬೇಕು. ರುಚಿ? ಕಾಣೆಯ ದೂರದ ನೆಂಟ ಎನ್ನಬಹುದು, ಸ್ವಲ್ಪ ಸಪ್ಪೆ.

ಐದನೇ ದಿನ: ಗಾಳಿ, ಮತ್ತು ಬಿಚ್ಚುವುದು

ಚಳಿ −20ಕ್ಕೆ ಇಳಿಯಿತು, ಆದರೆ ಗಂಟೆಗೆ 30 ಕಿಲೋಮೀಟರ್ ಗಾಳಿ. ಬರಿಮೈಗೆ ಅದು −33ರ ಸಮ. ಟೆಂಟಿನೊಳಗೆ ಆ ಲೆಕ್ಕ ಇಲ್ಲ, ಸೆರಗು ಸರಿಯಾಗಿ ಕೂತಿದ್ದರೆ. ಎಲ್ಲೋ ಒಂದು ಕಡೆ ಹಿಮ ಹಾರಿ ಸೆರಗು ಎದ್ದರೆ ಮೊದಲು ಗೊತ್ತಾಗುವುದು ಹೀಟರಿಗೆ, ಉರಿ ಅಲುಗಾಡುತ್ತದೆ. ಗಂಟೆಗೊಮ್ಮೆ ಹೊರಗೆ ಒಂದು ಸುತ್ತು ಹಾಕಿ ಹಿಮ ಮೆಟ್ಟಿ, ಹಗ್ಗ ಎಳೆದು ನೋಡಬೇಕು.

ಮಧ್ಯಾಹ್ನ ಐಸು ಗುಡುಗಿತು. ಚಂಡೆಗೆ ಹೊಡೆದಂತೆ ಒಂದು ಸದ್ದು ಕಾಲಡಿಯಿಂದ ಹೊರಟು ದೂರಕ್ಕೆ ಓಡುತ್ತದೆ. ಇದು ಐಸು ಹಿಗ್ಗಿ ಕುಗ್ಗುವ ಸದ್ದು, ದಪ್ಪ ಐಸಿನಲ್ಲಿ ಹೆದರಬೇಕಾದ್ದಲ್ಲ. ಹೆದರಬೇಕಾದ್ದು ಸದ್ದಿಲ್ಲದ ಕಡೆ, ಹೊಳೆ ಬಂದು ಸೇರುವ ಬಾಯಿಯಲ್ಲಿ ಮತ್ತು ಐಸಿನ ಹಾಳೆಗಳು ಒಂದಕ್ಕೊಂದು ಒತ್ತಿ ಎದ್ದ ದಿಣ್ಣೆಗಳ ಹತ್ತಿರ.

ಬಿಚ್ಚುವಾಗ ಹೀಟರನ್ನು ಕೊನೆಗೆ ಆರಿಸಬೇಕು. ಮೊದಲು ಗೋಡೆ, ಕಿಟಕಿಯನ್ನು ಬೈರಾಸಿನಿಂದ ಒರೆಸಿ, ಜಿಪ್ಪಿನ ಹಲ್ಲುಗಳನ್ನೂ ಒರೆಸಿ, ಬಾಗಿಲು ಪೂರ್ತಿ ತೆರೆದು ಹತ್ತು ನಿಮಿಷ ಉರಿಸಿದರೆ ಬಟ್ಟೆ ಬಹುಪಾಲು ಒಣಗುತ್ತದೆ. ಒದ್ದೆಯಾಗಿ ಮಡಚಿದ ಟೆಂಟು ಅರ್ಧ ಗಂಟೆಯಲ್ಲಿ ಇಟ್ಟಿಗೆ, ಅದನ್ನು ಬಲವಂತವಾಗಿ ಬಿಡಿಸಿದರೆ ಒಳಪದರ ಹರಿಯುತ್ತದೆ. ಹಿಡಿದುಕೊಂಡ ಸೆರಗನ್ನು ಎಳೆಯಬಾರದು. ಉಳಿಯಿಂದ ಸುತ್ತಲಿನ ಐಸನ್ನು ಬಟ್ಟೆಗೆ ತಾಗದಂತೆ ಕೆತ್ತಿ, ಉಳಿದದ್ದಕ್ಕೆ ಫ್ಲಾಸ್ಕಿನ ಬಿಸಿನೀರು ಸುರಿದರೆ ಬಿಡುತ್ತದೆ. ಲಂಗರು ತೆಗೆಯುವ ಕ್ರಮ ಹಾಕಿದ್ದರ ತಿರುವುಮುರುವು: ಗಾಳಿ ಬರುವ ಬದಿಯದ್ದು ಕೊನೆಗೆ. ಕಸ, ಗಾಳದ ದಾರ, ಖಾಲಿ ಬಾಟಲಿ ಎಲ್ಲ ಚೀಲಕ್ಕೆ. ಐಸಿನ ಮೇಲೆ ಬಿಟ್ಟು ಹೋದರೆ ದಂಡ, ಕರಗಿದ ಮೇಲೆ ನೀರಿಗೇ ಅಲ್ಲವೇ ಹೋಗುವುದು.

ಆರನೇ ದಿನ: ಮಿನಿಯಾಪೊಲಿಸ್, ಬಾವನ ಗ್ಯಾರೇಜು

ಟೆಂಟನ್ನು ಬಾಡಿಗೆಗೆ ಹಿಂದಿರುಗಿಸುವ ಮುನ್ನ ಗ್ಯಾರೇಜಿನಲ್ಲಿ ಅರ್ಧ ತೆರೆದು ತೂಗುಹಾಕಿದೆವು, ಬಚ್ಚಲ ಒಲೆಯ ಮೇಲೆ ಮಳೆಗಾಲದ ಬಟ್ಟೆ ಹಾಕಿದ ಹಾಗೆ. ಐಸಿನ ಮೇಲೆ ಒಣಗಿದೆ ಎಂದುಕೊಂಡಿದ್ದ ಟೆಂಟಿನ ಹೊಲಿಗೆಗಳಿಂದ ಸಂಜೆಯ ತನಕ ಹನಿ ಬಿತ್ತು. ಕೆಳಗಿಟ್ಟ ಬಾಲ್ದಿಯಲ್ಲಿ ನಾಲ್ಕು ಬೆರಳು ನೀರು. ಬಾಗಿಲಿನ ಜಿಪ್ಪಿನ ಕೆಳತುದಿ ಮಾತ್ರ ರಾತ್ರಿ ಒಂಬತ್ತಕ್ಕೂ ಬಿಡಲಿಲ್ಲ, ಅದರೊಳಗೆ ಹೆಸರುಕಾಳಿನಷ್ಟು ಐಸು ಇನ್ನೂ ಉಳಿದಿತ್ತು.